ಗೇಟಿನಿಂದ ದೀಪದ ಕಂಬದವರೆಗೆ

ಓಟದಣ್ಣ ಓಡುತ್ತಲೇ ಪ್ರಾಣ ಬಿಟ್ಟ ಎಂದು ಊರೆಲ್ಲ ಹೇಳಿಕೊಂಡು ತಿರುಗಿತು. ಊರಿಗೇನು, ಕತೆ ಚೆನ್ನಾಗಿದ್ದರೆ ಸಾಕು. ನಿಜ ಸಂಗತಿ ಎಂದರೆ ಅವನು ಸತ್ತದ್ದು ನಿಂತಲ್ಲೇ, ಆಸ್ಪತ್ರೆಯ ಲಾಂಡ್ರಿಯಲ್ಲಿ, ಒಣಗಿದ ಬೆಡ್‌ಶೀಟು ಮಡಚುವಾಗ. ಶೀಟಿನ ಆ ತುದಿ ಅವನ ಕೈಲಿ, ಈ ತುದಿ ಜೊತೆಗಾರ ಕುಳ್ಳನ ಕೈಲಿ. ಒಂದು ಮಡಿಕೆ ಹಾಕಿ ಜಾಡಿಸಿದ್ದರು. ಎರಡನೆಯದಕ್ಕೆ ಇಬ್ಬರೂ ಹತ್ತಿರ ಬರಬೇಕು, ಅಷ್ಟರಲ್ಲಿ ಆ ತುದಿ ಸಡಿಲವಾಯಿತು. 'ಸರಿಯಾಗಿ ಹಿಡ್ಕೋ ಅಣ್ಣ' ಎಂದ ಕುಳ್ಳ. ಶೀಟು ನೆಲಕ್ಕೆ ಬಿತ್ತು, ಅದರ ಹಿಂದೆಯೇ ಅಣ್ಣನೂ ಬಿದ್ದ. ಡಾಕ್ಟರುಗಳು ಮೇಲಿನ ಮಹಡಿಯಲ್ಲೇ ಇದ್ದರು. ಇದ್ದೂ ಏನು ಬಂತು.

ಸುದ್ದಿ ಬಂದಾಗ ಅವನ ಹೆಂಡತಿ ಟೈಲರಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಆ ಕೋಣೆಯೇ ಅವಳ ಅಂಗಡಿ: ಬೀದಿಗೆ ತೆರೆಯುವ ಬಾಗಿಲು, ಕಿಟಕಿಯ ಬುಡದಲ್ಲಿ ಮೆಷಿನ್ನು, ಗೋಡೆಗೆ ಹೊಲಿದು ಮುಗಿದ ಅಂಗಿಗಳ ಸಾಲು. ಹೇಳಲು ಬಂದವನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಕೈಯಲ್ಲಿದ್ದ ಗುಂಡಿ ಹಾಕಿ ಮುಗಿಸಿ, ಗಂಟು ಹಾಕಿ, ದಾರ ಹಲ್ಲಿನಿಂದ ಕಡಿದು, ಎದ್ದಳು. ಈ ಗುಂಡಿಯ ವಿಷಯಕ್ಕೆ ಬೀದಿಯವರು ಉಪ್ಪು ಖಾರ ಹಚ್ಚಿದ್ದೇ ಹಚ್ಚಿದ್ದು. ಗಂಡ ಸತ್ತ ಸುದ್ದಿ ಕೇಳಿ ಹೊಲಿಗೆ ಮುಗಿಸಿದವಳು, ಕಣ್ಣಲ್ಲಿ ಒಂದು ಹನಿ ನೀರಿಲ್ಲದವಳು, ಎದೆ ಕಲ್ಲು ಅವಳದ್ದು ಅಂತೆಲ್ಲ. ಅಳು ಬರಲಿಲ್ಲ, ಅಷ್ಟೇ. ಅಳು ಏನು ಕೊಳಾಯಿ ನೀರೇ, ತಿರುಗಿಸಿದರೆ ಬರಲಿಕ್ಕೆ?

ಅವಳಿಗೆ ಏನೂ ಆಗುತ್ತಿರಲಿಲ್ಲ ಎಂಬುದು ಮಾತ್ರ ನಿಜ. ಹಲ್ಲು ಕೀಳುವ ಮುಂಚೆ ಮದ್ದು ಚುಚ್ಚಿದ ದವಡೆಯ ಹಾಗಿತ್ತು ಮೈಯೆಲ್ಲ. ಊಟ ಹಾಕಿದರೆ ಉಂಡಳು, ಮಲಗು ಎಂದರೆ ಮಲಗಿದಳು. ಪ್ರಾರ್ಥನೆಯ ಹಾಲಿನಲ್ಲಿ ಅವನ ನೆನಪಿಗೆಂದು ಸಭೆ ಸೇರಿದಾಗ ಮುಂದಿನ ಕುರ್ಚಿಯಲ್ಲಿ ಕೂರಿಸಿದರು, ಕೂತಳು.

ಒಬ್ಬೊಬ್ಬರೇ ಎದ್ದು ಅವನ ಗುಣಗಾನ ಮಾಡಿದರು. ಎಲ್ಲವೂ ನಿಜವೇ. ಡ್ಯೂಟಿ ಮುಗಿದ ಮೇಲೆ ವಾರ್ಡುಗಳಿಗೆ ಹೋಗಿ, ಕೇಳುವವರಿಲ್ಲದ ಮುದುಕರ ಗಡ್ಡ ಹೆರೆದು, ಉಗುರು ಕತ್ತರಿಸಿ ಬರುತ್ತಿದ್ದ. ವಾರಸುದಾರರಿಲ್ಲದ ಹೆಣ ಹೊರಲು ಹೆಗಲು ಕೊಡುತ್ತಿದ್ದ. ಪ್ರಾರ್ಥನೆಯ ಹಾಲಿಗೆ ಎಲ್ಲರಿಗಿಂತ ಮುಂಚೆ ಹೋಗಿ ಕಸ ಗುಡಿಸಿ, ಕುರ್ಚಿ ಹಾಕಿ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಹಿರಿಯರು ಪ್ರವಚನ ಶುರು ಮಾಡಿದ ಕೂಡಲೇ ತೂಕಡಿಸುತ್ತಿದ್ದ ಎನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಟೈಲರಮ್ಮ ಒಮ್ಮೆ ಅದಕ್ಕೆ ಬೈದಿದ್ದಳು. 'ದೇವರ ಹತ್ರ ನನ್ನ ಮಾತು ಬೆಳಿಗ್ಗೇನೇ ಮುಗ್ದಿರುತ್ತೆ ಕಣೆ. ಈಗ ಇವರು ಮಾತಾಡ್ಕೊಳ್ಲಿ ಬಿಡು' ಎಂದಿದ್ದ.

ಬೆಳಗಿನ ಆ ಮಾತುಕತೆ ಎಂಥದು ಎಂದು ಹೇಳದಿದ್ದರೆ ಈ ಮನುಷ್ಯನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಅವನು ಓಡುತ್ತಲೇ ಪ್ರಾರ್ಥಿಸುವವನು. ಯಾರಿಗಾದರೂ ಕಾಯಿಲೆ, ಕಷ್ಟ ಎಂದರೆ ಅವರ ಹೆಸರಿಗೆ ದಾರಿಯ ಒಂದು ತುಂಡು ಕೊಡುತ್ತಿದ್ದ. ಹಾಲಿನ ಬೂತಿನಿಂದ ಸೇತುವೆಯವರೆಗೆ ಕೀಲುನೋವಿನ ಮೇಷ್ಟ್ರು. ಸೇತುವೆ ದಾಟಿ ಮರದ ಮಿಲ್ಲಿನವರೆಗೆ ಬಸ್ ಡ್ರೈವರನ ಮಗು. ಆ ತುಂಡು ಮುಗಿಯುವ ತನಕ ಉಸಿರು ಬಿಟ್ಟಾಗಲೆಲ್ಲ ಆ ಹೆಸರೇ, ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ. ಹೊಸ ಹೆಸರು ಬಂದರೆ ದಾರಿ ಅಷ್ಟು ಮುಂದಕ್ಕೆ ಬೆಳೆಯುತ್ತಿತ್ತು. ಅವನು ದೂರದ ಓಟಗಾರನಾದದ್ದು ಹೀಗೆ, ಪದಕದ ಆಸೆಗಲ್ಲ. ಊರಿನ ಕಷ್ಟವೇ ಅಷ್ಟಿತ್ತು.

ಜನ ಇದರಲ್ಲೂ ಚೌಕಾಸಿ ಮಾಡುತ್ತಿದ್ದರು. 'ಸೇತುವೆ ಮೇಲೆ ಬೇಡಪ್ಪ, ಗಾಳಿ ಜಾಸ್ತಿ, ಹೆಸರು ಎಲ್ಲೋ ಹಾರಿ ಹೋಗುತ್ತೆ' ಎನ್ನುವವರು ಕೆಲವರು. ನೀರಿನ ಟ್ಯಾಂಕಿನ ಏರು ಎಂದರೆ ಎಲ್ಲರಿಗೂ ಆಸೆ. ಏದುಸಿರು ಬಿಡುತ್ತ ಹೇಳಿದ್ದು ದೇವರಿಗೆ ಬೇಗ ಮುಟ್ಟುತ್ತದಂತೆ.

ಸಾಧು ಎಂದುಕೊಳ್ಳಬೇಡಿ. ಪಂದ್ಯಕ್ಕೆ ನಿಂತರೆ ಅವನಿಗೆ ದಯೆ ದಾಕ್ಷಿಣ್ಯ ಇರಲಿಲ್ಲ. ಒಂದು ಸಲ ಮುಂದಿದ್ದವನು ಕಾಲು ಸೆಳೆದು ಕುಂಟತೊಡಗಿದಾಗ, ಪಕ್ಕಕ್ಕೆ ಬಂದು, 'ನಿಮ್ಮ ಹೆಸರೇನು?' ಎಂದು ಕೇಳಿಕೊಂಡು, ಅವನನ್ನು ಹಿಂದೆ ಹಾಕಿ, ಅವನದೇ ಹೆಸರು ಹೇಳುತ್ತ ಗುರಿ ಮುಟ್ಟಿದ. ಕುಂಟಿದವನು ಸತ್ತರೂ ಇದನ್ನು ಮರೆಯುವುದಿಲ್ಲ ಎಂದು ಕುಳ್ಳ ಇವತ್ತಿಗೂ ನಗುತ್ತಾನೆ.

ಹೀಗೆ ಹೆಸರು ಹೇಳಿ ಓಡುವುದಕ್ಕೆ ಒಂದು ನಿಯಮ ಇತ್ತು. ಬಾಯಿ ಬಿಟ್ಟು ಕೇಳದವರ ಹೆಸರನ್ನು ಅವನು ತೆಗೆದುಕೊಳ್ಳುತ್ತಿರಲಿಲ್ಲ. ಮೊದಲು ಹೀಗಿರಲಿಲ್ಲ. ಎದುರು ಮನೆಯ ಕಿರಾಣಿ ಅಂಗಡಿಯಮ್ಮನ ಮಗಳು ಆಸ್ಪತ್ರೆಯಲ್ಲಿ ಕಾಣಿಸಿಕೊಂಡಳೆಂದು, ಯಾರೂ ಹೇಳದಿದ್ದರೂ, ಪಾಪ ಎಂದು ಮರುದಿನ ಅವಳ ಹೆಸರು ಹೇಳಿಕೊಂಡು ಓಡಿದ್ದ. ಅಷ್ಟು ಸಾಕಾಯಿತು. ಆ ಹುಡುಗಿಗೆ ಏನಾಗಿದೆ, ಏನಾಗಿದೆ ಎಂದು ಬೀದಿ ಗುಸುಗುಟ್ಟಿತು. ಹುಡುಗಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಕಿರಾಣಿ ಅಂಗಡಿಯಮ್ಮ ಗೇಟಿಗೆ ಬಂದು ಸರಿಯಾಗಿ ಮಂಗಳಾರತಿ ಮಾಡಿದಳು. 'ನಮ್ಮನೆ ಕಷ್ಟ ಬೀದಿಲಿ ಕೂಗು ಅಂತ ನಿಂಗೆ ಹೇಳಿದ್ದು ಯಾರು?' ಅವನು ತಲೆ ತಗ್ಗಿಸಿ ನಿಂತ. ಒಳಗೆ ಬಂದು ಹೆಂಡತಿಗೆ, 'ಅವರು ಹೇಳಿದ್ದು ಸರಿ. ಕರೀದೆ ಒಳಗೆ ನುಗ್ಗಿದೆ ನಾನು' ಎಂದ. ಆವತ್ತಿನಿಂದ ಕೇಳಿದರೆ ಮಾತ್ರ.

ಟೈಲರಮ್ಮ ಕೇಳಲಿಲ್ಲ.

ಅವಳಿಗೆ ಕಣ್ಣು ಮಂಜಾಗುತ್ತ ಬಂದು ಬಹಳ ಕಾಲವಾಗಿತ್ತು. ಮೆಷಿನ್ನಿನ ಹೊಲಿಗೆ ಕೈ ಅಭ್ಯಾಸದಿಂದ ನಡೆಯುತ್ತಿತ್ತು. ಸೂಜಿಯ ಕಣ್ಣು ಮಾತ್ರ ಎಲ್ಲೋ ಮಾಯವಾಗುತ್ತಿತ್ತು. ಟೈಲರಿಗೆ ಕಣ್ಣಿಲ್ಲ ಎಂದು ಗೊತ್ತಾದರೆ ಬಟ್ಟೆ ಕೊಡುವವರು ಯಾರು? ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಒಂದು ದಿನ ಬೆಳಿಗ್ಗೆ ನೋಡಿದರೆ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ತುಂಬ ಸೂಜಿಗಳು, ಎಲ್ಲಕ್ಕೂ ದಾರ ಪೋಣಿಸಿದೆ. ಬಿಳಿ ಒಂದು ಕಡೆ, ನೀಲಿ ಒಂದು ಕಡೆ. ಅವನು ಆಗಲೇ ಓಡಲು ಹೋಗಿದ್ದ. ಅಲ್ಲಿಂದಾಚೆ ಪ್ರತಿದಿನ ಹಾಗೆಯೇ. ಅವನು ಏನೂ ಹೇಳಲಿಲ್ಲ, ಅವಳೂ ಏನೂ ಕೇಳಲಿಲ್ಲ.

ಆದರೆ ಒಳಗೊಳಗೇ ಒಂದು ಆಸೆ ಇತ್ತು. ಕಟ್ಟಿಕೊಂಡ ಹೆಂಡತಿ ಬೇರೆ ಅರ್ಜಿ ಹಾಕಬೇಕೇ? ತಾನಾಗಿಯೇ ತನ್ನ ಹೆಸರು ಹೇಳಿಯಾನು ಎಂದು ದಿನವೂ ಕಿಟಕಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಗೇಟು ಕಿರ್ ಎನ್ನುತ್ತಿತ್ತು. ದೀಪದ ಕಂಬದವರೆಗೆ ಬರೀ ಹೆಜ್ಜೆ ಸದ್ದು. ಕಂಬ ದಾಟಿದ ಮೇಲೆ ಮೊದಲ ಹೆಸರು, ಅದು ಔಷಧಿ ಅಂಗಡಿಯವನ ಅತ್ತೆಯದು. ದೇವರೇ, ಆ ಮುದುಕಿಗೆ ಇವಳಿಗಿಂತ ಚೆನ್ನಾಗಿ ಕಣ್ಣು ಕಾಣುತ್ತಿತ್ತು. ತನ್ನದು ಇನ್ನೂ ಮುಂದೆ ಎಲ್ಲೋ ಇರಬಹುದು, ಟ್ಯಾಂಕಿನ ಏರಿನಲ್ಲಿ ಇರಬಹುದು ಎಂದುಕೊಳ್ಳುತ್ತಿದ್ದಳು. ಇಲ್ಲದೆಯೂ ಇರಬಹುದು ಎಂದೂ ಅನ್ನಿಸುತ್ತಿತ್ತು. ಸೂಜಿ ಪೋಣಿಸುವುದೇನು, ಊರಿನ ಮುದುಕರ ಉಗುರನ್ನೂ ಕತ್ತರಿಸುತ್ತಾನಲ್ಲ. ತಾನೂ ಅವರಲ್ಲಿ ಒಬ್ಬಳು.

ಸಭೆಯಲ್ಲಿ ಹಿರಿಯರು 'ನೀವೂ ಒಂದೆರಡು ಮಾತು ಆಡಿಯಮ್ಮ' ಎಂದಾಗ ಅವಳ ತಲೆಯಲ್ಲಿದ್ದದ್ದು ಇದೊಂದೇ. 'ನಂಗೆ ಮಾತಾಡಕ್ಕೆ ಬರಲ್ಲ' ಎಂದು ಕೂತುಬಿಟ್ಟಳು.

ಮನೆಗೆ ಬಂದು ಅಂಗಡಿ ತೆರೆದಳು. ಶಾಲೆಗಳು ಶುರುವಾಗುವ ಕಾಲ, ಯೂನಿಫಾರಂ ರಾಶಿ ಬಿದ್ದಿತ್ತು. ದಿಂಬಿನಲ್ಲಿ ಅವನು ಕೊನೆಯ ದಿನ ಪೋಣಿಸಿಟ್ಟ ಸೂಜಿಗಳಿದ್ದವು. ಒಂದೊಂದನ್ನೇ ಬಳಸಿದಳು, ದಾರವನ್ನು ಜಿಪುಣತನದಿಂದ, ಹಾಕುವ ಸುತ್ತು ಕಡಿಮೆ ಮಾಡಿ. ಹಾಗೆ ಹಾಕಿದ ಗುಂಡಿ ವಾರಕ್ಕೇ ಉದುರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಖಾಲಿಯಾದ ಸೂಜಿಗಳನ್ನು ಬೇರೆ ಡಬ್ಬಿಗೆ ಹಾಕಿಟ್ಟಳು.

ಒಂದು ಸಂಜೆ ಕುಳ್ಳ ಬಂದ. ಅಣ್ಣನ ಬೂಟುಗಳು ಲಾಂಡ್ರಿಯ ಕಪಾಟಿನಲ್ಲಿ ಉಳಿದಿದ್ದವಂತೆ, ತೊಳೆದು ತಂದಿದ್ದ. ಟೈಲರಮ್ಮ ಚಹಾ ಕೊಟ್ಟಳು.

'ನಾನೇ ಓಡ್ತಿದ್ದೀನಿ ಅತ್ತಿಗೆ ಈಗ' ಎಂದ ಕುಳ್ಳ. 'ಜೊತೆಲಿ ಓಡಿ ಓಡಿ ಹೆಸರೆಲ್ಲ ಬಾಯಿಗೆ ಬಂದುಬಿಟ್ಟಿದೆ. ಜನ ಆಸ್ಪತ್ರೆ ಗೇಟ್ ಹತ್ರ ಬಂದು ನಿಂತಿರ್ತಾರೆ, ಬಿಡಕ್ಕಾಗಲ್ಲ.'

'ಒಳ್ಳೇದು.'

'ಅಣ್ಣನಷ್ಟು ಜೋರಿಲ್ಲ ಬಿಡಿ. ಏರಲ್ಲಿ ಹೆಸರು ಅರ್ಧಕ್ಕೇ ನಿಂತೋಗುತ್ತೆ.'

ಅವಳು ಅಂಗಿಯ ಗುಂಡಿತೂತಿಗೆ ಕಾಜಾ ಹೊಲಿಯುತ್ತ ತಲೆ ಎತ್ತದೆ ಕೇಳಿದಳು, 'ನನ್ನ ಹೆಸರು ಎಲ್ಲಿ ಹೇಳ್ತಿದ್ರು?'

'ನಿಮ್ದಾ?' ಕುಳ್ಳ ಯೋಚಿಸಿದ. ಬೂತು, ಸೇತುವೆ, ಮಿಲ್ಲು, ಏರು ಎಂದು ಮನಸ್ಸಿನಲ್ಲೇ ಒಂದು ಸುತ್ತು ಓಡಿಬಂದ. 'ಇಲ್ಲ ಅತ್ತಿಗೆ. ನಿಮ್ದು ಇರ್ಲಿಲ್ಲ.'

ಮದ್ದು ಚುಚ್ಚಿದ ದವಡೆಯನ್ನು ಯಾರೋ ಬೆರಳಿನಿಂದ ಮುಟ್ಟಿದಂತಾಯಿತು. ಮುಟ್ಟಿದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. 'ಹೌದಾ' ಎಂದಳು.

ಕುಳ್ಳನಿಗೆ ಬುದ್ಧಿ ಮೊಣಕಾಲಿನ ಕೆಳಗೆ ಎಂದು ಲಾಂಡ್ರಿಯವರು ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಚಹಾ ಮುಗಿಸಿ, ಲೋಟ ಕೆಳಗಿಟ್ಟು, ತಾನು ಬಂದ ಕೆಲಸ ಆಗ ಹೇಳಿದ. 'ಒಂದು ಕೇಳ್ಬೇಕಿತ್ತು. ಈ ಗೇಟಿಂದ ದೀಪದ ಕಂಬದ ತನಕ ಅಣ್ಣ ಬಾಯೇ ಬಿಡ್ತಿರ್ಲಿಲ್ಲ. ಮೈ ಬಿಸಿ ಮಾಡ್ಕೊಳ್ತಾರೇನೋ ಅಂದ್ಕೊಂಡಿದ್ದೆ. ಒಂದಿನ ಕೇಳ್ದೆ. ಅದು ಒಬ್ಬರಿಗೆ ಅಂತ ಇಟ್ಟಿರೋ ಜಾಗ ಕಣೋ ಅಂದ್ರು. ಅವರು ಇನ್ನೂ ಕೇಳಿಲ್ಲ, ಕೇಳ್ದೆ ಹೇಳಿದ್ರೆ ಬೀದಿಗೆ ಗೊತ್ತಾಗಿ ಅವರ ಕೆಲಸಕ್ಕೆ ಕುತ್ತು ಬರುತ್ತೆ, ಕೇಳಿದ ದಿನ ಹಾಕ್ತೀನಿ ಅಂದ್ರು. ಅಲ್ಲಿ ತನಕ ಬೇರೆ ಯಾರ ಹೆಸರೂ ಅಲ್ಲಿ ಹೇಳ್ಬಾರ್ದು ಅಂತ. ಈಗ ಜನ ಜಾಸ್ತಿ ಆಗಿದ್ದಾರೆ. ನಾನು ಆ ಜಾಗ ಬೇರೆಯವರಿಗೆ ಕೊಡ್ಲಾ? ಅದು ಯಾರಿಗೆ ಅಂತ ನಿಮ್ಗೇನಾದ್ರೂ ಹೇಳಿದ್ರಾ?'

ಟೈಲರಮ್ಮನ ಕೈ ನಿಂತಿತು. ತೊಳೆದ ಬೂಟುಗಳು ಬಾಗಿಲ ಬಳಿ ಜೋಡಿಯಾಗಿ ಕೂತಿದ್ದವು. ಅವುಗಳನ್ನೇ ನೋಡಿದಳು, ಅವೂ ಮಂಜಾಗಿ ಕಂಡವು.

'ಸದ್ಯಕ್ಕೆ ಖಾಲಿ ಬಿಡು' ಎಂದಳು.

ಕುಳ್ಳ ಹೋದ. ಅವಳು ಕೆಲಸ ಮುಂದುವರಿಸಿದಳು. ಗಂಡ ಕಾಯುತ್ತಿದ್ದ, ಇವಳೂ ಕಾಯುತ್ತಿದ್ದಳು, ಒಂದೇ ಗೋಡೆಯ ಆ ಕಡೆ ಈ ಕಡೆ. ಎಂಥ ಪೆದ್ದರು. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ದಿಂಬಿನಲ್ಲಿ ದಾರವಿದ್ದ ಕೊನೆಯ ಸೂಜಿ ನೀಲಿಯದು. ಅದರಿಂದ ಒಂದು ಲಂಗದ ಅಂಚು ಅರ್ಧ ಆಯಿತು, ದಾರ ಮುಗಿಯಿತು. ಸೂಜಿಯನ್ನು ದೀಪದ ಕೆಳಗೆ ಹಿಡಿದು, ದಾರದ ತುದಿ ನಾಲಿಗೆಗೆ ತಾಗಿಸಿ, ಹೊಸೆದು, ಮತ್ತೆ ಮತ್ತೆ ಪ್ರಯತ್ನಿಸಿದಳು. ಬೆರಳಿಗೆ ಚುಚ್ಚಿತು. ಲಂಗವನ್ನು ಹಾಗೆಯೇ ಮಡಚಿಟ್ಟಳು.

ಬೆಳಿಗ್ಗೆ ಕುಳ್ಳ ಬರುವ ಹೊತ್ತಿಗೆ ಅವಳು ಗೇಟಿನಲ್ಲಿ ನಿಂತಿದ್ದಳು.

'ಆ ಜಾಗ ನಂದು ಕಣೋ' ಎಂದಳು. 'ನನ್ನ ಹೆಸರು ಹಾಕ್ಕೋ. ಕಣ್ಣಿಗೆ.'

ಕುಳ್ಳ ಬಾಯಿ ಬಿಟ್ಟು ನೋಡಿದ. ಅವನಿಗೂ ಕೊನೆಗೆ ಹೊಳೆಯಿತು. 'ಮನಸ್ಸಲ್ಲೇ ಹೇಳ್ಕೊಳ್ತೀನಿ ಅತ್ತಿಗೆ. ಯಾರಾದ್ರೂ ಕೇಳಿಸ್ಕೊಂಡ್ರೆ ಗಿರಾಕಿಗಳು...'

'ಗಟ್ಟಿಯಾಗೇ ಹೇಳು. ಎಲ್ಲರಿಗೂ ಹೇಳೋ ಹಾಗೆ.'

ಗೇಟು ಕಿರ್ ಎಂದಿತು. ಕುಳ್ಳ ಓಡಿದ. ಅವಳ ಹೆಸರು, ಒರಟು ಗಂಟಲಿನಲ್ಲಿ, ಉಸಿರಿಗೊಮ್ಮೆ, ದೀಪದ ಕಂಬದವರೆಗೆ ಹೋಯಿತು. ಬಹಳ ದೂರವೇನಲ್ಲ. ಕಂಬ ದಾಟಿದ ಮೇಲೆ ಔಷಧಿ ಅಂಗಡಿಯವನ ಅತ್ತೆ ಶುರುವಾದಳು.

ಎದುರುಗಡೆ ಕಿರಾಣಿ ಅಂಗಡಿಯ ಬಾಗಿಲು ತೆರೆಯಿತು. ಅಂಗಡಿಯಮ್ಮ ಪೊರಕೆ ಹಿಡಿದುಕೊಂಡೇ ರಸ್ತೆ ದಾಟಿ ಬಂದಳು. 'ನಿನ್ನ ಹೆಸರು ಹೇಳ್ಕೊಂಡು ಹೋದ್ನಲ್ಲ ಅವನು. ಏನಾಯ್ತೇ?'

ಟೈಲರಮ್ಮ ಒಳಗೆ ಹೋಗಿ ಖಾಲಿ ಸೂಜಿಗಳ ಡಬ್ಬಿಯನ್ನೂ ದಾರದ ಉಂಡೆಯನ್ನೂ ತಂದು ಅವಳ ಮುಂದೆ ಹಿಡಿದಳು.

'ನಂಗೆ ಕಣ್ಣು ಕಾಣಲ್ಲ' ಎಂದಳು. 'ಇದಕ್ಕೆ ದಾರ ಹಾಕ್ಕೊಡಿ.'

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಗೇಟಿನ ಕಂಬಿ ಹಿಡಿದುಕೊಂಡು, ಬೀದಿಯಲ್ಲೇ ನಿಂತು, ಜೋರಾಗಿ ಅತ್ತಳು. ಕಿರಾಣಿ ಅಂಗಡಿಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕೂತು, ಡಬ್ಬಿಯಿಂದ ಒಂದು ಸೂಜಿ ತೆಗೆದು ಬೆಳಕಿಗೆ ಹಿಡಿದಳು. ದಾರ ಪೋಣಿಸಿ ಪಕ್ಕಕ್ಕಿಟ್ಟು ಇನ್ನೊಂದು ಸೂಜಿ ತೆಗೆದಳು.