ಒಂದು ಚಮಚ ಹೆಚ್ಚು ಸಕ್ಕರೆ

ಚಂದ್ರಮೋಹನ ಡಾಕ್ಟರಲ್ಲ. ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಡ್ಡೆಗಳ ಪರೀಕ್ಷಾ ವರದಿ ಟೈಪ್ ಮಾಡುತ್ತಿದ್ದ ಗುಮಾಸ್ತ. ಆದರೆ ಅಲ್ಲಿನ ದ್ವಾರಕಾ ಬಡಾವಣೆಯ ಕನ್ನಡಿಗರ ಪಾಲಿಗೆ ಅರ್ಧ ಡಾಕ್ಟರ್. ಆ ಪಟ್ಟ ಬೇಡವೆನ್ನುವಷ್ಟು ದೊಡ್ಡ ಮನುಷ್ಯನೂ ಅವನಾಗಿರಲಿಲ್ಲ.

ಟೈಪ್ ಮಾಡಿ ಮಾಡಿ ಗಡ್ಡೆಗಳ ಜಾತಕ ಅವನಿಗೆ ಬಾಯಿಪಾಠವಾಗಿತ್ತು. ಕೆಲವು ಹುಟ್ಟಿದಲ್ಲೇ ಬೆಳೆದು ಸುಮ್ಮನಿರುತ್ತವೆ, ಕತ್ತರಿಸಿದರೆ ಮುಗಿಯಿತು. ಕೆಲವು ಪಕ್ಕದ ಮಾಂಸಕ್ಕೆ ನುಗ್ಗಿ, ಕಂಕುಳಿಗೆ, ಯಕೃತ್ತಿಗೆ, ಮೂಳೆಗೆ ಹೋಗಿ ಮರಿ ಹಾಕುತ್ತವೆ. ಜೀವಕೋಶ ಎಷ್ಟು ಕೆಟ್ಟಿದೆ ಎನ್ನುವುದು ಗ್ರೇಡ್, ರೋಗ ಎಲ್ಲಿಯವರೆಗೆ ಹೋಗಿದೆ ಎನ್ನುವುದು ಸ್ಟೇಜ್. ಇದನ್ನೆಲ್ಲ ಬಿಡಿಸಿ ಹೇಳಲು ಡಾಕ್ಟರುಗಳಿಗೆ ಪುರುಸೊತ್ತಿಲ್ಲ, ಚಂದ್ರಮೋಹನನಿಗೆ ಬೇಕಾದಷ್ಟಿತ್ತು.

ಹೀಗೆ ಒಂದು ರೂಢಿ ಬೆಳೆಯಿತು. ವರದಿ ರೋಗಿಯ ಕೈಗೆ ಹೋಗುವುದಿಲ್ಲ. ಮನೆಯವರು ಗುಟ್ಟಾಗಿ ಅವನಿಗೆ ತೋರಿಸುತ್ತಾರೆ. ಅವನು ರೋಗಿಯನ್ನು ಮನೆಗೆ ಕರೆದು, ಹೆಂಡತಿ ಪದ್ಮಾಳಿಂದ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಸಿ, ಕೆಟ್ಟ ಗಡ್ಡೆಯಾದರೂ "ಸಾದಾ ಗಡ್ಡೆ, ತೆಗೆಸ್ಕೊಂಡ್ರಾಯ್ತು" ಎನ್ನುತ್ತಾನೆ. ಹೆದರದೆ ಆಪರೇಷನ್ನಿಗೆ ಹೋಗಲಿ ಎಂಬ ಯೋಚನೆ.

೨೦೦೫ರ ಚಳಿಗಾಲದಲ್ಲಿ ಎದುರು ಫ್ಲ್ಯಾಟಿನ ಸರಳಾ ಅದೇ ಕಾಫಿ ಕುಡಿದರು. ಎದೆಯ ಗಡ್ಡೆ, ಇನ್ನೂ ಕಂಕುಳಿಗೆ ತಲುಪಿರಲಿಲ್ಲ. ವಾರದೊಳಗೆ ತೆಗೆಯಬೇಕೆಂದು ಸರ್ಜನ್ ಹೇಳಿದ್ದರು. ಗಂಡ ಈಶ್ವರಪ್ಪ ಮುಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಸಾದಾನೇ ಅಂದ್ರೆ ಅವಸರ ಏನು? ಹರಿಣಿ ಮದುವೆ ಮುಗಿಸ್ಕೊಂಡೇ ಮಾಡಿಸ್ತೀನಿ" ಎಂದು ಸರಳಾ ನಕ್ಕರು.

ಚಂದ್ರಮೋಹನ ಬಾಯಿ ತೆರೆದ. ಈಶ್ವರಪ್ಪನ ಮುಖ ನೋಡಿ ಮುಚ್ಚಿದ. ಮಗಳ ಮದುವೆ ಮುಗಿಸಿ ಸರಳಾ ಊರಿನಿಂದ ಬರುವಾಗ ಐದು ತಿಂಗಳಾಗಿತ್ತು. ಅಷ್ಟರಲ್ಲಿ ರೋಗ ಯಕೃತ್ತನ್ನು ಮುಟ್ಟಿತ್ತು. ಆ ವರದಿಯನ್ನೂ ಟೈಪ್ ಮಾಡಿದವನು ಅವನೇ. ದೀಪಾವಳಿಗೆ ಮುಂಚೆ ಸರಳಾ ತೀರಿಕೊಂಡರು. ಈಶ್ವರಪ್ಪ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡು ವರ್ಷದ ಮೇಲೆ, ಗಡ್ಡ ಹೆರೆಯುವಾಗ ಚಂದ್ರಮೋಹನನ ಬೆರಳಿಗೆ ಕುತ್ತಿಗೆಯಲ್ಲಿ ಒಂದು ಗಂಟು ಸಿಕ್ಕಿತು. ಒತ್ತಿದರೆ ನೋವಿಲ್ಲ. ಸರಿಸಿದರೆ ಸರಿಯುವುದಿಲ್ಲ. ಕಲ್ಲಿನ ಹಾಗೆ ಗಟ್ಟಿ. ಮರುದಿನವೇ ಆಸ್ಪತ್ರೆಯಲ್ಲಿ ತೋರಿಸಿದ. ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ವರದಿ ಬಂದ ದಿನ ಅವನು ರಜೆಯಲ್ಲಿದ್ದ. ಪಕ್ಕದ ಮೇಜಿನ ಟೈಪಿಸ್ಟ್ ಅವನೇ ಕಲಿಸಿದ ಪದ್ಧತಿಯಂತೆ ಕಾಗದವನ್ನು ಪದ್ಮಾಳ ಕೈಗೆ ಕೊಟ್ಟ.

ಸಂಜೆ ಪದ್ಮಾ ಕಾಫಿ ತಂದಿಟ್ಟಳು. "ಏನೂ ಇಲ್ಲವಂತೆ ರೀ. ಸಾದಾ ಗಡ್ಡೆ."

ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಬಹಳ ಸಿಹಿಯಾಗಿತ್ತು.

"ಕಾಗದ ಕೊಡು ಪದ್ಮಾ."

"ಏನೂ ಇಲ್ಲ ಅಂದ್ನಲ್ಲ."

"ಸರಳಾ ಅವರಿಗೂ ಏನೂ ಇಲ್ಲ ಅಂದಿದ್ದೆ. ಅವರ ಐದು ತಿಂಗಳು ನಾನು ತಿಂದೆ. ನನ್ನದನ್ನ ನೀನು ತಿನ್ನಬೇಡ."

ಪದ್ಮಾ ಅಳುತ್ತಾ ಅಕ್ಕಿ ಡಬ್ಬದ ಅಡಿಯಿಂದ ಕಾಗದ ತೆಗೆದುಕೊಟ್ಟಳು. ಸಾವಿರಾರು ಸಲ ಟೈಪ್ ಮಾಡಿದ ಸಾಲು. ಕುತ್ತಿಗೆಯಲ್ಲಿರುವುದು ಮರಿ ಮಾತ್ರ. ತಾಯಿ ಗಡ್ಡೆ ಬೇರೆಲ್ಲೋ ಇದೆ, ಹುಡುಕಬೇಕು. ಸಾಯುವ ಭಯ ಇಷ್ಟು ಸರಳವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಬೆಳಿಗ್ಗೆ ಬೇಗ ಹೋಗಿ ಲೈನಲ್ಲಿ ನಿಲ್ಲೋಣ" ಎಂದ. ಪದ್ಮಾ ತಲೆಯಾಡಿಸಿದಳು.

ಆಮೇಲೆ ಎದ್ದು ಎದುರು ಫ್ಲ್ಯಾಟಿನ ಬಾಗಿಲು ಬಡಿದ. ಈಶ್ವರಪ್ಪ ತೆರೆದಾಗ ಅವನ ಕೈಗೆ ಆ ಕಾಗದ ಕೊಟ್ಟು, "ಓದಿ. ಅವತ್ತು ಸರಳಾ ಅವರ ಕಾಗದಾನೂ ನಾನು ಹೀಗೇ ಅವರ ಕೈಗೆ ಕೊಡಬೇಕಿತ್ತು" ಎಂದ.