ಹಳದಿ ದೀಪದ ತಮ್ಮ

ನನ್ನ ಓದುವ ಮೇಜಿನ ಮೇಲೆ, ಕನ್ನಡಕದ ಪಕ್ಕದಲ್ಲಿ, ಒಂದು ಪುಟ್ಟ ಸ್ಟೀಲಿನ ಡಬ್ಬಿ ಇದೆ. ಅದರೊಳಗೆ ಹತ್ತಿಯ ಮೇಲೆ ಬೆಚ್ಚಗೆ ಮಲಗಿರುವುದು ಮುತ್ತೂ ಅಲ್ಲ, ಹವಳವೂ ಅಲ್ಲ, ನನ್ನ ಕಾರಿನ ಮುಖದಿಂದ ಕಿತ್ತ ಎರಡು ಬಲ್ಬುಗಳು. ನೀವು ಬಂದು ಮುಚ್ಚಳ ತೆರೆದು ನೋಡಿದರೆ ನ್ಯಾಮತಿಯ ಈ ನಿವೃತ್ತ ಮೇಷ್ಟ್ರಿಗೆ ಅರಳುಮರಳು ಎಂದೇ ತಿಳಿಯುತ್ತೀರಿ. ತಿಳಿಯಿರಿ, ನನ್ನ ಹೆಂಡತಿಯ ಅಭಿಪ್ರಾಯವೂ ಅದೇ.

ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು. ಕೀಲಿ ತಿರುಗಿಸಿದೊಡನೆ, ಸೂರ್ಯ ನೆತ್ತಿಯ ಮೇಲಿದ್ದರೂ, ಮುಂದೆ ಎರಡು ಹಳದಿ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತಿದ್ದವು. ಎದುರಿನವರಿಗೆ ವಾಹನ ಕಾಣಲೆಂದು ಮಾಡಿದ ಹಗಲುದೀಪಗಳವು, ಆರಿಸಲು ಗುಂಡಿಯಿಲ್ಲ. ಆದರೆ ನಮ್ಮ ಕಡೆಯ ಜನ ಬಿಡಬೇಕಲ್ಲ! ಹೊನ್ನಾಳಿ ರಸ್ತೆಗೆ ಇಳಿದರೆ ಸಾಕು, ಬೈಕಿನವರು, ಟ್ರ್ಯಾಕ್ಟರಿನವರು, ಹುಲ್ಲಿನ ಹೊರೆ ಹೊತ್ತ ಹೆಂಗಸರು ಕೂಡ ಐದು ಬೆರಳನ್ನು ಅರಳಿಸಿ ಮುಚ್ಚಿ, ಅರಳಿಸಿ ಮುಚ್ಚಿ, ‘ಲೈಟು ಉರಿತೈತಿ’ ಎಂದು ಸನ್ನೆ ಮಾಡುವರು. ಒಮ್ಮೆ ಚನ್ನಗಿರಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಇದನ್ನೇ ಹೇಳಲು ಕಾರಿನ ಹಿಂದೆ ಏದುಸಿರು ಬಿಡುತ್ತ ಓಡಿಬಂದಿದ್ದ. ಹೆಸರು ಗೊತ್ತಿಲ್ಲದವನ ಬ್ಯಾಟರಿ ಇಳಿದೀತೆಂದು ಕಳವಳಪಡುವ ಈ ಜನರ ಮೇಲೆ ನನಗೆ ಬಲು ಪ್ರೀತಿ. ವಿವರಿಸಿ ವಿವರಿಸಿ ಸಾಕಾಗಿ ಕೊನೆಗೆ ಎಲ್ಲರಿಗೂ ಕೈಮುಗಿದು ಮುಂದೆ ಹೋಗುವುದನ್ನು ಕಲಿತೆ.

ಹೀಗಿರುವಾಗ ಪಕ್ಕದ ಮನೆಗೆ ಹೊಸ ಕಾರು ಬಂತು. ಅದರ ಹಗಲುದೀಪಗಳು ಬೆಳ್ಳಗೆ ಥಳಥಳ ಎನ್ನುತ್ತಿದ್ದವು. ಅದರ ಮುಂದೆ ನನ್ನವು ಕಾಮಾಲೆ ಹಿಡಿದ ಹಾಗೆ ಕಂಡವು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಮಾರನೆಯ ದಿನವೇ ಹೊನ್ನಾಳಿಯ ಜಬ್ಬಾರ್ ಸಾಬರ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಜಬ್ಬಾರ್ ಸಾಬರದು ಬೆಳಕಿನ ಮನೆತನ; ಅವರು ವಾಹನಗಳ ವೈರಿಂಗ್ ಮಾಡಿದರೆ, ಅವರ ತಂದೆ ಮದುವೆಮನೆಗಳಿಗೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದರು. ನನ್ನ ಅಕ್ಕನ ಧಾರೆಗೆ ಉರಿದದ್ದೂ ಅವೇ. ಆ ಸುಯ್ಯೆನ್ನುವ ಬಿಳಿ ಬೆಳಕಿನಲ್ಲಿ, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಬಿಳಿಚೋಡಿನ ಸೊಸೆಯಾಗಿ ಹೊರಟು ನಿಂತಾಗ, ನಾನು ಅವಳ ಸೆರಗು ಬಿಡದೆ ರಂಪ ಮಾಡಿದ್ದೆ.

ಜಬ್ಬಾರ್ ಸಾಬರು ಹಳೆಯ ಬಲ್ಬು ಕಿತ್ತು ಎಲ್‌ಇಡಿ ಕೂರಿಸಿದರು. ಒಂದು ಹತ್ತಿತು, ಇನ್ನೊಂದು ಹತ್ತಲಿಲ್ಲ. ಅವರು ಅದನ್ನು ತೆಗೆದು ತಿರುಗಿಸಿ ಕೂರಿಸಿದ ಕೂಡಲೇ ಅದೂ ಬೆಳಗಿತು.

“ಎಲ್‌ಇಡಿಗೆ ಉಲ್ಟಾ ಸೀದಾ ಐತ್ರಿ ಮೇಷ್ಟ್ರೆ. ಹಳೇದು ಹಂಗಲ್ಲ, ಹೆಂಗೆ ಹಾಕಿದ್ರೂ ಹತ್ತತಿತ್ತು” ಎಂದವರು, ಕಿತ್ತ ಬಲ್ಬುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಚಲೋ ಅದಾವು, ಬಿಸಾಕಬ್ಯಾಡ್ರಿ.”

ಆ ಭಾನುವಾರ ಬಿಳಿಚೋಡಿಗೆ ಹೊರಟೆ. ತಿಂಗಳಿಗೊಮ್ಮೆ ಅಕ್ಕನನ್ನು ನೋಡಿ ಬರುವುದು ರೂಢಿ, ಮೊದಲೇ ಹೇಳಿ ಹೋಗುವ ಅಭ್ಯಾಸವಿಲ್ಲ. ಆದರೂ ನಾನು ಇಳಿಯುವ ಹೊತ್ತಿಗೆ ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತಿತ್ತು. ಅವಳ ಮನೆಯ ಜಗಲಿಗೆ ನೇರವಾಗಿ ಉದ್ದನೆಯ ರಸ್ತೆ. ಕುರಿಗಳನ್ನು ಮೇಯಲು ಕಳಿಸಿ ಅಲ್ಲೇ ಕುಳಿತಿರುವಳು, ನನ್ನ ಕಾರು ಕಂಡದ್ದೇ ಒಳಗೆದ್ದು ಹೋಗಿ ನೀರಿಡುವಳು. ಎಪ್ಪತ್ತು ದಾಟಿದರೂ ಹದ್ದಿನ ಕಣ್ಣು ಇವಳದು ಎಂದು ನಾನು ಊರೆಲ್ಲ ಹೊಗಳಿಕೊಂಡು ತಿರುಗುತ್ತಿದ್ದೆ.

ಅಂದು ಅಕ್ಕ ಜಗಲಿ ಬಿಟ್ಟು ಏಳಲಿಲ್ಲ. ಕಾರು ನಿಲ್ಲಿಸಿ, ಇಳಿದು, ಎರಡು ಮಾರು ದೂರದಲ್ಲಿ ನಗುತ್ತ ನಿಂತೆ. ಅವಳು ನನ್ನ ಕಡೆ ಮುಖವೆತ್ತಿ, ಸೆರಗು ಸರಿಮಾಡಿಕೊಂಡು, ಕೇಳಿದಳು:

“ಯಾರ್ರೀ? ಯಾರು ಬೇಕಾಗಿತ್ತು?”

ಹುಟ್ಟಿದಾಗಿನಿಂದ ನನ್ನನ್ನು ‘ಲೇ’ ಎಂದು ಕರೆದವಳ ಬಾಯಲ್ಲಿ ಆ ‘ರೀ’! “ಅಕ್ಕಾ, ನಾನು” ಎಂದೆ. ಅವಳು ತಬ್ಬಿಬ್ಬಾಗಿ, ಬಿಸಿಲಿಗೆ ಕಾಣಲಿಲ್ಲವೆಂದು ನಕ್ಕಳು. ನಾನು ನಗಲಿಲ್ಲ, ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡೆ. ಅವಳೇ ಬಾಯಿಬಿಟ್ಟಳು.

“ಎರಡು ವರ್ಸ ಆತು, ಎಲ್ಲಾ ಮಂಜು ಮಂಜು. ಹಗಲೊತ್ನಾಗೆ ಹಳದಿ ದೀಪ ಹಚ್ಕೊಂಡು ಬರೋನು ನೀನೊಬ್ನೆ. ಎರಡು ಹಳದಿ ಚುಕ್ಕಿ ಕಂಡ್ರೆ ನೀನು ಅಂತ ನೀರಿಡತಿದ್ದೆ. ಇವತ್ತು ಬಿಳೀ ದೀಪ ಬಂತು, ಯಾರೋ ಅಂದ್ಕೊಂಡೆ.”

“ಹೇಳಬಾರದಿತ್ತಾ ಅಕ್ಕ?”

“ಹೇಳಿದ್ರೆ ಮಗ ಸೊಸೆ ಒಲಿ ಹತ್ರ ಹೋಗಾಕೆ ಬಿಡ್ತಾರಾ? ನೀನು ಬಂದ್ರೆ ನನ್ ಕೈಲೆ ಚಾ ಕಾಸಿ ಕೊಡಾಕೆ ಆಗಬೇಕೋ ಬ್ಯಾಡೋ?”

ಎರಡು ವರ್ಷ ನಾನು ಕುಡಿದದ್ದು ಕುರುಡುಗೈಯ ಚಹಾ. ಬೆಂಕಿ ಸೆರಗಿಗೆ ತಾಗಿದ್ದರೆ? ಹದ್ದಿನ ಕಣ್ಣೆಂದು ಹೊಗಳಿದ ನಾನು ಒಮ್ಮೆಯೂ ಆ ಕಣ್ಣನ್ನು ನೆಟ್ಟಗೆ ನೋಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಣ್ಣಿಗೆ ಪೊರೆ ಬಂದಿರಬೇಕು, ತೆಗೆಸೋಣ ಎಂದೆ. ಆಪರೇಷನ್ ಎಂದರೆ ಅವಳಿಗೆ ಜೀವಭಯ; ಇದ್ದ ಬೆಳಕೂ ಹೋದರೇನು ಗತಿ ಎಂದು ಹಟ ಹಿಡಿದಳು. ನಾನು ಹೊನ್ನಾಳಿಗೆ ಮರಳಿ ಜಬ್ಬಾರ್ ಸಾಬರಿಂದ ಹಳೆಯ ಬಲ್ಬುಗಳನ್ನೇ ಮತ್ತೆ ಹಾಕಿಸಿದೆ. ಮುಂದಿನ ಭಾನುವಾರ ಹೋದಾಗ ಚಹಾ ಕುದಿಯುತ್ತಿತ್ತು. ಕುಡಿಯದೆ ಲೋಟ ಕೆಳಗಿಟ್ಟು, “ಕಣ್ಣು ತೋರಿಸಿದರಷ್ಟೇ ಕುಡಿಯುವುದು” ಎಂದೆ. ಆರಿ ಕೆನೆಗಟ್ಟಿದ ಚಹಾವನ್ನು ಬೆರಳಿಂದ ಮುಟ್ಟಿ ನೋಡಿದವಳು, “ಆತು, ನಡಿ” ಎಂದು ಎದ್ದಳು.

ದಾವಣಗೆರೆಯಲ್ಲಿ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಎದುರಿಗೆ ನಾನಿದ್ದೆ. ಅಕ್ಕ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕೈಚಾಚಿ, ಕಳೆದ ವರ್ಷ ಬಣ್ಣ ಹಚ್ಚುವುದು ಬಿಟ್ಟು ಬೆಳ್ಳಗಾಗಿದ್ದ ನನ್ನ ತಲೆ ಸವರಿದಳು.

“ಲೇ ತಮ್ಮಾ, ನೀನು ಯಾವಾಗ ಇಷ್ಟು ಮುದುಕ ಆದ್ಯೋ?”

ಇಬ್ಬರೂ ಅತ್ತೆವು. ಕಣ್ಣೀರು ಹಾಕಬಾರದೆಂದು ನರ್ಸ್ ಗದರಿದ್ದಕ್ಕೆ ಇಬ್ಬರೂ ನಕ್ಕೆವು.

ಈಗ ಕಾರಿಗೆ ಮತ್ತೆ ಬಿಳಿಯ ದೀಪ. ಮೊನ್ನೆ ಹೋದಾಗಲೂ ಚಹಾ ಸಿದ್ಧವಿತ್ತು. ಬಿಳಿ ದೀಪದವನನ್ನು ಹೇಗೆ ಗುರುತು ಹಿಡಿದೆ ಎಂದು ಕೇಳಿದೆ. “ದೀಪ ಯಾಕೆ ನೋಡ್ಲಿ, ನಿನ್ನ ಬಿಳೀ ತಲೀನೇ ಕಾಣ್ತೈತಲ್ಲ” ಎಂದಳು.

ಆದರೂ ಈ ಎರಡು ಬಲ್ಬುಗಳನ್ನು ಬಿಸಾಡಲು ನನಗೆ ಮನಸ್ಸಿಲ್ಲ. ಇವುಗಳ ಹಳದಿ ಬೆಳಕು ಕಂಡು ಅಕ್ಕ ಚಹಾಕ್ಕೆ ನೀರಿಡುತ್ತಿದ್ದದ್ದು ಅವಳ ಮನಸ್ಸಿನಲ್ಲಿ ಉಳಿದಿದ್ದ ಒಬ್ಬ ಕರಿಗೂದಲಿನ ತಮ್ಮನಿಗೆ. ಈ ಡಬ್ಬಿ ಬಿಟ್ಟರೆ ಅವನು ಈಗ ಬೇರೆಲ್ಲೂ ಇಲ್ಲ.