ರಜೆ ಬೇಡದವಳು

ನನ್ನ ಮಗಳಿಗೆ ಹದಿನಾಲ್ಕು ತುಂಬಿದ ವರ್ಷ ಅವಳು ಏಳನೆಯ ತರಗತಿಯಲ್ಲಿದ್ದಳು. ನಮ್ಮೂರಿನ ಸರಕಾರಿ ಶಾಲೆ ಏಳಕ್ಕೇ ಮುಗಿಯುತ್ತದೆ. ಅವಳ ಮೈ ಬೆಳೆದಷ್ಟು ಬುದ್ಧಿ ಬೆಳೆದಿಲ್ಲ; ಬೆಳೆಯುವುದೂ ಇಲ್ಲ ಎಂದು ಡಾಕ್ಟರು ಎಂದೋ ಹೇಳಿಯಾಗಿತ್ತು. ಆ ವರ್ಷವಿಡೀ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಏಳರ ನಂತರ ಬೆಳಿಗ್ಗೆ ಒಂಬತ್ತು ಗಂಟೆಗೆ ಇವಳು ಎಲ್ಲಿಗೆ ಹೋಗುವುದು?

ನಾನು ಓದಿದ್ದು ಮೂಡಬಿದಿರೆಯ ಕಾನ್ವೆಂಟಿನಲ್ಲಿ. ಮಗಳೂ ಹಾಗೆಯೇ ಟೈ ಕಟ್ಟಿ ಹೋಗುವುದನ್ನು ನೋಡಬೇಕೆಂಬ ಆಸೆ ಇತ್ತು. ಪೇಟೆಯ ಎರಡು ಶಾಲೆಗಳಲ್ಲಿ ಚಹಾ ಕೊಟ್ಟು ಮಾತಾಡಿಸಿ ಆಗುವುದಿಲ್ಲ ಎಂದರು. ಕೊನೆಗೆ ವಾಮದಪದವಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಈ ಶಾಲೆಯಲ್ಲೇ ಮುಖ್ಯ ಶಿಕ್ಷಕಿ ಏನೂ ಕೇಳದೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಕ್ಷರ ಬರಲಿಲ್ಲ. ಆದರೆ ಬಿಸಿಯೂಟಕ್ಕೆ ತಟ್ಟೆ ಹಂಚುವ ಕೆಲಸ ಅವಳದಾಯಿತು. ತಟ್ಟೆ ಒದ್ದೆ ಇದ್ದರೆ ತನ್ನ ಲಂಗಕ್ಕೆ ಒರೆಸಿಯೇ ಕೊಡುವುದು. ಹಾಗಾಗಿ ಅವಳ ಸಮವಸ್ತ್ರದ ಬಲಬದಿ ಯಾವಾಗಲೂ ಬಣ್ಣ ಹೋಗಿರುತ್ತಿತ್ತು.

ಅವಳಿಗೆ ಆಗದೇ ಇದ್ದದ್ದು ರಜೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ರಜೆಯ ಸುದ್ದಿ ಮೊಬೈಲಿಗೆ ಬಂದಾಗ ಊರಿನ ಮಕ್ಕಳೆಲ್ಲ ಅಂಗಳದಲ್ಲಿ ಕುಣಿದರೆ ಇವಳು ರಿಬ್ಬನ್ ಹಿಡಿದು ನನ್ನ ಮುಂದೆ ಕೂರುವಳು. “ಇನಿ ರಜೆ ಮಗಾ”, ಇವತ್ತು ರಜೆ ಎಂದು ಮನೆಮಾತಿನ ತುಳುವಿನಲ್ಲೇ ಹೇಳಿದರೆ “ಇಜ್ಜಿ” ಎನ್ನುವಳು. ಇಲ್ಲವೇ ಇಲ್ಲ ಎಂದು. ಎರಡು ಜಡೆ ಹಾಕಿಸಿಕೊಂಡು, ಚೀಲ ಬೆನ್ನಿಗೇರಿಸಿ, ಸಂಜೆ ನಾಲ್ಕರವರೆಗೆ ಜಗಲಿಯಲ್ಲಿ ನಿಲ್ಲುವಳು. ಆದರೂ ರಜೆ ಎಂಬ ಶಬ್ದ ಅವಳಿಗೆ ಗೊತ್ತಿತ್ತು. ರಜೆ ಎಂದರೆ ಶಾಲೆ ಪುನಃ ಉಂಟು ಎಂದು.

ಆ ವರ್ಷ ಮಳೆ ರಜೆ ಮಿತಿಮೀರಿತು. ಹೋದ ದಿನಗಳನ್ನು ತುಂಬಿಸುವುದು ಹೇಗೆಂದು ಪೋಷಕರ ಅಭಿಪ್ರಾಯ ಕೇಳಲು ಸಭೆ ಕರೆದರು. ಶನಿವಾರ ಇಡೀ ದಿನ ತರಗತಿ ನಡೆಸುವುದೋ, ದಸರಾ ರಜೆಯಲ್ಲಿ ಕಡಿತ ಮಾಡುವುದೋ.

“ದಸರಾಕ್ಕೆ ಮಾತ್ರ ಕೈ ಹಾಕ್ಬೇಡಿ ಟೀಚರ್” ಎಂದು ರಿಕ್ಷಾ ಓಡಿಸುವ ಒಬ್ಬರು ಎದ್ದು ನಿಂತರು. “ನನ್ನ ಮಗ ಹುಲಿವೇಷ ಹಾಕ್ತಾನೆ. ಹುಲಿಗೆ ಬಣ್ಣ ಹಚ್ಚಿಕೊಂಡು ಗಣಿತಕ್ಕೆ ಕೂರ್ಲಿಕ್ಕೆ ಆಗ್ತದಾ?”

“ನಿಮ್ಮ ಹುಲಿ ಬಣ್ಣ ಇಲ್ಲದೆಯೂ ಗಣಿತಕ್ಕೆ ಕೂರುದಿಲ್ಲ ಮಾರಾಯ್ರೆ” ಎಂದರು ಮುಖ್ಯ ಶಿಕ್ಷಕಿ. ಎಲ್ಲರೂ ನಕ್ಕರು.

ಬೀಡಿ ಕಟ್ಟುವ ನೆರೆಮನೆಯವಳು ನನ್ನ ಪಕ್ಕದಲ್ಲಿದ್ದಳು. “ಡಿಸಿಯವರು ರಜೆ ಕೊಟ್ಟ ದಿನ ನಾನು ಹಪ್ಪಳ ಒಣಗಿಸುದು. ಅಂಥ ಬಿಸಿಲು ಬರ್ತದೆ. ರಜೆ ಅಂದ್ರೆ ಮೂರು ಮಕ್ಕಳು ಮನೆಯಲ್ಲಿ, ನನ್ನ ಬೀಡಿ ಅರ್ಧಕ್ಕರ್ಧ. ಕಡಿಮೆ ಮಾಡಿ ಟೀಚರ್” ಎಂದು, ನನ್ನ ಕಡೆ ತಿರುಗಿ, “ಅಕ್ಕ, ನೀವೆಂತ ಬಾಯಿಗೆ ಬೀಗ ಹಾಕಿದ್ದು?” ಎಂದಳು.

ನನಗೆ ಹೇಳಬೇಕೆಂದಿದ್ದದ್ದು ಬೇರೆ. ದಸರಾವೂ ಬೇಡ, ಬೇಸಗೆಯದ್ದೂ ಬೇಡ, ಈ ವರ್ಷ ಮುಗಿಯುವುದೇ ಬೇಡ ಎಂದು. “ಶನಿವಾರ ಇಡೀ ದಿನ ಮಾಡುವ” ಎಂದಷ್ಟೇ ಹೇಳಿದೆ.

“ಗಂಡ ದುಬೈಯಲ್ಲಿ ಇದ್ರೆ ಹಾಗೆ, ಶನಿವಾರ ಮಧ್ಯಾಹ್ನ ಆರಾಮಲ್ಲಿ ನಿದ್ರೆ ಮಾಡ್ಬಹುದು” ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದರು. ಅದಕ್ಕೂ ನಕ್ಕರು. ನಾನೂ ನಕ್ಕೆ. ಶನಿವಾರಕ್ಕೇ ಹೆಚ್ಚು ಕೈಗಳು ಎದ್ದವು. ಮುಂದಿನ ಶನಿವಾರಗಳಲ್ಲಿ ಮಗಳು ಸಂಜೆ ಮನೆಗೆ ಬರುವಾಗ, ನಾನೇ ಏನೋ ಗಳಿಸಿಕೊಟ್ಟ ಹಾಗೆ ಅನಿಸುತ್ತಿತ್ತು.

ಮಾರ್ಚ್ ಬಂತು. “ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸ್ಲಿಕ್ಕೆ ಕೇಳು, ಅವರಿಗೇನು ನಷ್ಟ?” ಎಂದು ದುಬೈಯಿಂದ ಫೋನಿನಲ್ಲಿ ಇವರು ಹೇಳಿದರು. ಕೇಳಿದೆ. ಮುಖ್ಯ ಶಿಕ್ಷಕಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನೋಡಿ ಅಮ್ಮ, ಇದರಲ್ಲಿ ಹೆಸರು ತನ್ನಷ್ಟಕ್ಕೆ ಎಂಟನೆಗೆ ಹೋಗ್ತದೆ. ನಾನು ಹಿಡಿದು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಆಗ್ತಿದ್ರೆ ನೀವು ಕೇಳುವ ಮೊದಲೇ ಮಾಡ್ತಿದ್ದೆ.”

ಹೈಸ್ಕೂಲಿಗೆ ಎರಡು ಬಸ್ಸು ಬದಲಿಸಬೇಕು. ಅಲ್ಲಿಯವರೂ ಒಳ್ಳೆಯವರೇ. ಹೆಸರು ಸೇರಿಸಿಕೊಳ್ಳುತ್ತೇವೆ, ಆದರೆ ಇಷ್ಟು ಮಕ್ಕಳ ನಡುವೆ ನೋಡಿಕೊಳ್ಳಲು ಜನ ಇಲ್ಲ, ಮನೆಯಲ್ಲೇ ಇರಲಿ, ವಾರಕ್ಕೊಮ್ಮೆ ಮನೆಗೇ ಟೀಚರ್ ಬರುತ್ತಾರೆ ಎಂದರು. ನಾನು ಅರ್ಜಿಗೆ ಸಹಿ ಹಾಕಿದೆ. ಸಹಿ ಹಾಕುವಾಗ ಅವಳು ಆ ಶಾಲೆಯ ಜಗಲಿಯಲ್ಲಿ ತಟ್ಟೆಗಳನ್ನು ಎಲ್ಲಿಟ್ಟಿದ್ದಾರೆಂದು ಹುಡುಕುತ್ತಿದ್ದಳು.

ಏಪ್ರಿಲಿನಲ್ಲಿ ಫಲಿತಾಂಶದ ದಿನ ಏಳನೆಯ ಮಕ್ಕಳೆಲ್ಲ ಟೀಚರನ್ನು ಅಪ್ಪಿಕೊಂಡು ಅತ್ತರು. ಇವಳೂ ಅವರನ್ನು ನೋಡಿ ಅತ್ತಳು, ಯಾಕೆಂದು ತಿಳಿಯದೆ. ದಾರಿಯಲ್ಲಿ ನನ್ನ ಸೆರಗು ಜಗ್ಗಿ “ರಜೆಯಾ?” ಎಂದು ಕೇಳಿದಳು.

ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತವಳು ನಾನು. ಶಾಲೆ ಮುಗಿಯಿತು ಎನ್ನಲು ಬಾಯಿ ತೆರೆದೆ. ಅವಳ ಮೂಗಿನ ತುದಿಯಲ್ಲಿ ಇನ್ನೂ ಕಣ್ಣೀರು ನಿಂತಿತ್ತು.

“ಹೌದು ಮಗಾ, ರಜೆ” ಎಂದೆ.

ಬೇಸಗೆಯಿಡೀ ಆ ಒಂದು ಮಾತಿನ ಮೇಲೆ ನಾವಿಬ್ಬರೂ ಬದುಕಿದೆವು. ಬಂಟ್ವಾಳಕ್ಕೆ ಹೋದಾಗ ಅವಳು ಶಾಲೆಗೆ ಬೇಕೆಂದು ಛತ್ರಿಯ ಅಂಗಡಿಯ ಮುಂದೆ ನಿಂತಳು. ಹೊಸ ಛತ್ರಿ ತೆಗೆದುಕೊಟ್ಟೆ. ಬೇಡ ಎನ್ನಲು ಏನು ಕಾರಣ ಕೊಡಲಿ?

ಮೇ ಕೊನೆಯಲ್ಲಿ ಶಾಲೆ ತೆರೆದ ದಿನ ರಸ್ತೆಯಲ್ಲಿ ಮಕ್ಕಳ ದನಿ ಕೇಳಿದ್ದೇ ತಡ, ಹಳೆಯ ಸಮವಸ್ತ್ರ ಹಾಕಿಕೊಂಡು ಬಂದಳು. ಲಂಗ ಮೊಣಕಾಲಿಗಿಂತ ಮೇಲೆ ಹೋಗಿತ್ತು. ಅಂಚು ಬಿಚ್ಚಿ ಉದ್ದ ಮಾಡುವ ಗೋಜಿಗೆ ನಾನು ಹೋಗಿರಲಿಲ್ಲ. “ಇವತ್ತೂ ರಜೆ” ಎಂದೆ. ಅವಳು ರಸ್ತೆಯ ಮಕ್ಕಳತ್ತ ಕೈ ತೋರಿಸಿದಳು. ಮತ್ತೆ ನನ್ನ ಮುಖವನ್ನೇ ನೋಡಿದಳು. ಆ ನೋಟದ ಮುಂದೆ ನಿಲ್ಲಲಾಗದೆ ಚಪ್ಪಲಿ ಮೆಟ್ಟಿಕೊಂಡೆ.

ಶಾಲೆಯ ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟಿದ್ದರು. ಮುಖ್ಯ ಶಿಕ್ಷಕಿ ನಮ್ಮನ್ನು ಕಂಡು ಬಾಗಿಲಿಗೆ ಬಂದರು. “ಇವತ್ತೊಂದು ದಿನ ಕೂರ್ಲಿ. ಪಾಯಸ ಉಂಟು” ಎಂದರು. ಅವಳು ನೇರ ಏಳನೆಯ ತರಗತಿಗೆ ಹೋಗಿ ತನ್ನ ಬೆಂಚಿನಲ್ಲಿ ಕೂತಳು. ನಾನು ಹೊರಗೆ ಕಿಟಕಿಯ ಹತ್ತಿರ ನಿಂತೆ.

ಹೊಸ ಟೀಚರ್ ಹಾಜರಿ ಕರೆದರು. ಒಂದೊಂದು ಹೆಸರಿಗೂ ಇವಳು ಕತ್ತು ಎತ್ತಿ ಕಾಯುತ್ತಿದ್ದಳು. ಕೊನೆಯ ಹೆಸರೂ ಆಯಿತು. ಪುಸ್ತಕ ಮುಚ್ಚಿದ ಮೇಲೆ ಅವಳು ತಾನಾಗಿಯೇ ಎದ್ದು ನಿಂತು “ಎಸ್ ಟೀಚರ್” ಎಂದಳು.

ಮಕ್ಕಳು ತಿರುಗಿ ನೋಡಿದರು. ಟೀಚರ್ ಪುಸ್ತಕವನ್ನು ಪುನಃ ತೆರೆದು, ಪೆನ್ನು ಹಿಡಿದು, ಎಲ್ಲಿ ಗುರುತು ಹಾಕುವುದೆಂದು ತಿಳಿಯದೆ ಕಿಟಕಿಯಲ್ಲಿದ್ದ ನನ್ನತ್ತ ನೋಡಿದರು. ನಾನು ಒಳಗೆ ಹೋಗಿ ಮಗಳ ಬೆಂಚಿನ ತುದಿಯಲ್ಲಿ ಕೂತೆ.

“ಇದು ರಜೆ ಅಲ್ಲ ಮಗಾ. ನಮ್ಮ ಶಾಲೆ ಮುಗಿದದ್ದು” ಎಂದು ಅವಳ ಕಿವಿಯ ಹತ್ತಿರ ಹೇಳಿದೆ.

ಅವಳು ನನ್ನ ತುಟಿಯ ಮೇಲೆ ಬೆರಳಿಟ್ಟಳು. ಟೀಚರ್ ಪಾಠ ಶುರು ಮಾಡಿದ್ದರು.